ಹಿರಿಯರು ಯಾರು?

ಆಗುಂಬೆಯ ಸೂರ್ಯಾಸ್ತವನ್ನು ನೋಡಲು ನೀವು ಬಂದಿದ್ದೀರಷ್ಟೆ? ಬಂದವರೆಲ್ಲರೂ ಪಡುವಣಕ್ಕೆ ಮುಖಮಾಡಿ ನಿಲ್ಲುತ್ತಾರೆ. ನಿಂತ ನೆಲದ ಕಥೆಯನ್ನು ವಿಚಾರಿಸುವವರು ಕಡಮೆ. 1956ರ ಅಕ್ಟೋಬರ್ 31ರವರೆಗೆ ಈ ಘಾಟಿಯ ನೆತ್ತಿ ಮೈಸೂರು ರಾಜ್ಯಕ್ಕೆ ಸೇರಿತ್ತು, ಬುಡದ ಸೋಮೇಶ್ವರ ಮದರಾಸು ರಾಜ್ಯಕ್ಕೆ ಸೇರಿತ್ತು. ಮರುದಿನ ಎರಡೂ ಒಂದೇ ರಾಜ್ಯವಾದವು. ನೆಲ ಕೂಡಿಕೊಳ್ಳಲು ಒಂದು ರಾತ್ರಿ ಸಾಕಾಯಿತು. ನೌಕರರ ಜ್ಯೇಷ್ಠತೆಯ ಪಟ್ಟಿಗಳು ಕೂಡಿಕೊಳ್ಳಲು ಎಷ್ಟೋ ವರ್ಷಗಳು ಬೇಕಾದವು.

ಈ ಹಳೆಯ ಮಾತು ನೆನಪಾದದ್ದು ನನ್ನ ತರಗತಿಯ ಒಬ್ಬ ಹುಡುಗನಿಂದ. 2023ರಲ್ಲಿ ಶಿವಮೊಗ್ಗದ ಬಳಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾದ ಮೇಲೆ ನಮ್ಮ ಮಲೆನಾಡಿನ ಮಕ್ಕಳಿಗೂ ವಿಮಾನ ನಡೆಸುವ ಆಸೆ ಹುಟ್ಟಿದೆ. 2024ರ ನವೆಂಬರಿನಲ್ಲಿ ವಿಸ್ತಾರ ಸಂಸ್ಥೆ ಏರ್ ಇಂಡಿಯಾದಲ್ಲಿ ಸೇರಿಹೋದ ಸುದ್ದಿಯನ್ನು ಓದಿದ್ದ ಆ ಹುಡುಗ, "ಸರ್, ಎರಡು ಕಂಪನಿ ಒಂದಾದರೆ ಕ್ಯಾಪ್ಟನ್ ಯಾರಾಗುತ್ತಾರೆ?" ಎಂದು ಕೇಳಿದ. ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ.

ವಿಮಾನ ಚಾಲಕನ ಬಾಳಿನಲ್ಲಿ ಜ್ಯೇಷ್ಠತೆ ಎಂಬುದು ಬರಿಯ ಮರ್ಯಾದೆಯ ಮಾತಲ್ಲ. ಎಡಗಡೆಯ ಕ್ಯಾಪ್ಟನ್ ಪೀಠಕ್ಕೆ ಯಾವಾಗ ಏರಬಹುದು, ಯಾವ ದೊಡ್ಡ ವಿಮಾನಕ್ಕೆ ತರಬೇತಿ ದೊರೆಯುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಆ ಪಟ್ಟಿಯನ್ನು ಅವಲಂಬಿಸಿದೆ. ಅಮೆರಿಕದಲ್ಲಂತೂ ವ್ಯಾಪಾರ ಕುಸಿದಾಗ ಸಂಬಳವಿಲ್ಲದೆ ಮನೆಗೆ ಹೋಗುವವರು ಪಟ್ಟಿಯ ತಳದವರೇ. ಕಾಲ ಸುಧಾರಿಸಿದರೆ ಮರಳಿ ಕರೆಯುತ್ತಾರೆ, ಅಲ್ಲಿಯವರೆಗೆ ಕಾಯಬೇಕು. ಹೀಗಾಗಿ ಪಟ್ಟಿಯಲ್ಲಿ ನೂರು ಸ್ಥಾನ ಕೆಳಗಿಳಿಯುವುದೆಂದರೆ ಒಂದು ಸಂಸಾರದ ಒಲೆಯ ಪ್ರಶ್ನೆ.

2005ರಲ್ಲಿ ಅಲ್ಲಿನ ಯು.ಎಸ್. ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಸಂಸ್ಥೆಗಳು ಒಂದಾದವು. ಮೊದಲನೆಯದರಲ್ಲಿ ಹಳಬರು ಬಹಳ. ಆದರೆ ಅದು ದಿವಾಳಿಯ ದಾರಿ ಹಿಡಿದು ಅನೇಕರನ್ನು ಮನೆಗೆ ಕಳುಹಿಸಿತ್ತು. ಎರಡನೆಯದರಲ್ಲಿ ಹೊಸಬರು ಹೆಚ್ಚು. ಆದರೆ ಅವರಿಗೆ ಕೈತುಂಬ ಕೆಲಸವಿತ್ತು. ಹಳಬರು, "ಸೇರಿದ ದಿನವನ್ನು ನೋಡಿರಿ" ಎಂದರು. ಹೊಸಬರು, "ಕೂಡಿಕೊಳ್ಳುವಾಗ ಯಾರ ಕೈಯಲ್ಲಿ ಕೆಲಸವಿತ್ತು, ಅದನ್ನು ನೋಡಿರಿ" ಎಂದರು. 2007ರಲ್ಲಿ ಮಧ್ಯಸ್ಥ ಜಾರ್ಜ್ ನಿಕೊಲೌ ಅವರು ಕೊಟ್ಟ ತೀರ್ಪಿನಲ್ಲಿ ಮನೆಯಲ್ಲಿದ್ದವರು ಪಟ್ಟಿಯ ತಳಕ್ಕೆ ಬಿದ್ದರು. ಹಳಬರು ಅದನ್ನು ಒಪ್ಪಲಿಲ್ಲ. ಸಂಘ ಒಡೆಯಿತು, ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ್ದಾಯಿತು, ವರ್ಷಗಟ್ಟಲೆ ಜಗಳ ಮುಗಿಯಲಿಲ್ಲ.

ನಮ್ಮ ದೇಶದಲ್ಲಿ 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಹೆಸರು ಒಂದಾಯಿತು, ಮನಸ್ಸು ಒಂದಾಗಲಿಲ್ಲ. ಡ್ರೀಮ್‌ಲೈನರ್ ಎಂಬ ಹೊಸ ವಿಮಾನದ ತರಬೇತಿಯನ್ನು ಎರಡೂ ಕಡೆಯವರಿಗೆ ಹಂಚಿದರೆ ತಮ್ಮ ಬಡ್ತಿ ಹಿಂದೆ ಬೀಳುವುದೆಂದು ಏರ್ ಇಂಡಿಯಾದ ಹಳೆಯ ಚಾಲಕರು 2012ರಲ್ಲಿ 58 ದಿನ ಮುಷ್ಕರ ಹೂಡಿದರು. ಕೂಡಿಕೆಯಾಗಿ ಐದು ವರ್ಷ ಕಳೆದಿತ್ತು. ಆಗಲೂ ಹಿರಿಯರು ಯಾರೆಂಬುದು ತೀರ್ಮಾನವಾಗಿರಲಿಲ್ಲ!

ನಮ್ಮ ಸೇವಾ ಜ್ಯೇಷ್ಠತೆಯ ಕಥೆಯೂ ಇದೇ. 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಕಡೆಯ ನೌಕರರು ಒಂದೇ ಸರ್ಕಾರದ ಸೇವೆಗೆ ಬಂದರು. ಘಾಟಿಯ ಮೇಲಿನ ಗುಮಾಸ್ತನಿಗೂ ಕೆಳಗಿನ ಗುಮಾಸ್ತನಿಗೂ ಸಂಬಳ ಬೇರೆ, ಬಡ್ತಿಯ ನಿಯಮ ಬೇರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಹೇಗೆ? ರಾಜ್ಯ ಪುನರ್ವಿಂಗಡಣಾ ಶಾಸನದ 115ನೆಯ ವಿಧಿ ಈ ಹೊಣೆಯನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅಂದರೆ ತಕ್ಕಡಿ ಕೂಡಿಕೊಂಡವರ ಕೈಯಲ್ಲಿ ಇರಲಿಲ್ಲ. ಹುದ್ದೆಗಳನ್ನು ತೂಗಲು ನಾಲ್ಕು ಬಟ್ಟುಗಳನ್ನು ಗೊತ್ತುಮಾಡಿದರು: ಕೆಲಸದ ಸ್ವರೂಪ, ಹೊಣೆ ಮತ್ತು ಅಧಿಕಾರ, ನೇಮಕಕ್ಕೆ ಬೇಕಾದ ಕನಿಷ್ಠ ವಿದ್ಯಾರ್ಹತೆ, ಸಂಬಳ. ಕೇಂದ್ರದ ಪೂರ್ವಾನುಮತಿಯಿಲ್ಲದೆ ನೌಕರನ ಸೇವಾ ನಿಯಮಗಳನ್ನು ಅವನಿಗೆ ನಷ್ಟವಾಗುವಂತೆ ಬದಲಿಸಲಾಗದೆಂದೂ ಶಾಸನವೇ ಹೇಳಿತು. ದಾವೆಗಳು ಆಗಲೂ ತಪ್ಪಲಿಲ್ಲ. ಆದರೆ ವಾದಿಸುವವನಿಗೆ ತೋರಿಸಲು ಒಂದು ಅಳತೆಗೋಲಾದರೂ ಇತ್ತು.

ಕನ್ನಡ ಪಂಡಿತನಾದ ನನಗೆ ಈ ಜಗಳದ ಬೀಜ ಶಬ್ದದಲ್ಲಿಯೇ ಇದೆಯೆಂದು ತೋರುತ್ತದೆ. 'ಜ್ಯೇಷ್ಠ' ಎಂಬ ರೂಪವನ್ನು ಪಾಣಿನಿ ಎರಡು ಶಬ್ದಗಳಿಂದ ಸಾಧಿಸುತ್ತಾನೆ. 'ಪ್ರಶಸ್ಯ' ಎಂದರೆ ಹೊಗಳಿಕೆಗೆ ಯೋಗ್ಯನಾದವನು. 'ವೃದ್ಧ' ಎಂದರೆ ವಯಸ್ಸಾದವನು. ಉತ್ತಮನೂ ಜ್ಯೇಷ್ಠ, ಹಳಬನೂ ಜ್ಯೇಷ್ಠ. ಎರಡು ಸಂಸ್ಥೆಗಳು ಕೂಡಿದಾಗ ಒಬ್ಬನು ಒಂದು ಅರ್ಥವನ್ನು ಹಿಡಿಯುತ್ತಾನೆ, ಇನ್ನೊಬ್ಬನು ಮತ್ತೊಂದನ್ನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ನ್ಯಾಯ ಯಾವುದು? ವರ್ಷಗಳನ್ನು ಮಾತ್ರ ಎಣಿಸಿದರೆ ಕುಸಿದ ಸಂಸ್ಥೆಯವನು ನಿಂತ ಸಂಸ್ಥೆಯವನ ಅನ್ನವನ್ನು ಕಸಿದಂತಾಗುತ್ತದೆ. ಇಂದಿನ ಕೆಲಸವನ್ನು ಮಾತ್ರ ನೋಡಿದರೆ, ತನ್ನದಲ್ಲದ ತಪ್ಪಿಗೆ ಮನೆಯಲ್ಲಿ ಕುಳಿತವನ ಹದಿನೈದು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಗುತ್ತದೆ. ಎರಡನ್ನೂ ತೂಗಬೇಕು, ತೂಗುವವನು ಎರಡು ಕಡೆಗೂ ಸೇರದವನಾಗಿರಬೇಕು, ತೂಕದ ಬಟ್ಟುಗಳು ಕೂಡಿಕೆಗೆ ಮೊದಲೇ ಎಲ್ಲರ ಕಣ್ಣಿಗೆ ಬಿದ್ದಿರಬೇಕು. ಮದುವೆಯಾದ ಮೇಲೆ ಮನೆಯ ಪಾಲು ಕೇಳಿದರೆ ಸಂಸಾರ ನಿಲ್ಲುವುದುಂಟೆ?

ಇನ್ನೊಂದು ಮಾತನ್ನು ಆ ಹುಡುಗನಿಗೆ ಹೇಳಿದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್ ಜೊತೆ ಕೂಡಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರಿನ ಹಾರಾಟವೇ ನಿಂತಿತು. ಪಟ್ಟಿಯ ತಲೆಯಲ್ಲಿದ್ದವನೂ ತಳದಲ್ಲಿದ್ದವನೂ ಅಂದು ಒಂದೇ ನೆಲದಲ್ಲಿ ನಿಂತರು. ತಮ್ಮತಮ್ಮಲ್ಲಿ ಹಿರಿತನಕ್ಕಾಗಿ ಹೋರಾಡುವವರು ಸಂಸ್ಥೆ ಉಳಿದೀತೇ ಎಂಬ ಕಡೆಗೂ ಒಂದು ಕಣ್ಣು ಇಟ್ಟಿರಬೇಕು.

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಆದರೂ ನಾನು ಪೈಲಟ್ ಆಗುತ್ತೇನೆ ಸರ್" ಎಂದ. ಆಗಲಿ. ಅವನು ಪೀಠವೇರುವ ಹೊತ್ತಿಗಾದರೂ ನಾವು ದೊಡ್ಡವರು ತಕ್ಕಡಿಯನ್ನು ಸರಿಮಾಡಿ ಇಟ್ಟಿರೋಣ.