ಗೇಯರಚನೆಗೆ ಕಿರಿಯ ಅಭ್ಯಾಸಗಳು



ಶಿವಶರಣರ ವಚನಗಳನ್ನು ಹಾಡಿ ಕೇಳಿಸುವುದು ಶಿವಸೇವೆಯ ಒಂದಂಗವೇ ಸರಿ. ಆದರೆ ಪರರು ಕಟ್ಟಿದ ಧಾಟಿಯಲ್ಲಿ ಹಾಡುವವರು ಅನೇಕರು. ವಚನದ ಅರ್ಥಕ್ಕೆ ತಕ್ಕ ಧಾಟಿಯನ್ನು ತಾವೇ ಕಟ್ಟಬಲ್ಲವರು ವಿರಳ. ಆ ಶಕ್ತಿಯು ಹುಟ್ಟಿನಿಂದಲೇ ಬರತಕ್ಕದ್ದು, ಕಲಿತರೆ ಬರುವಂಥದಲ್ಲವೆಂದು ಎಷ್ಟೋ ವಿದ್ಯಾರ್ಥಿಗಳು ಕೈಬಿಡುವರು. ಇದು ಸರಿಯಾದ ಭಾವನೆಯಲ್ಲ. ಕಿರಿದಾದ ಅಭ್ಯಾಸಗಳನ್ನು ನಿತ್ಯವೂ ತಪ್ಪದೆ ಮಾಡುವವನಿಗೆ ಅದು ಕ್ರಮವಾಗಿ ಕೈಗೂಡುತ್ತದೆ.

13ನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು, ಮಾತು ಧಾತುಗಳೆರಡನ್ನೂ ರಚಿಸುವವನೇ ವಾಗ್ಗೇಯಕಾರನೆಂದು ಹೇಳಿದ್ದಾನೆ. ಮಾತೆಂದರೆ ಸಾಹಿತ್ಯ, ಧಾತುವೆಂದರೆ ಅದರ ಗೇಯರೂಪ. ವಚನದಲ್ಲಿ ಮಾತು ಶರಣರದೇ ಆಗಿದೆ. ಕಟ್ಟಬೇಕಾದುದು ಧಾತು ಮಾತ್ರ. ಅದೇ ಗ್ರಂಥದಲ್ಲಿ ಸ್ವರಪ್ರಸ್ತಾರದ ಕ್ರಮವೂ ಉಂಟು. 3 ಸ್ವರಗಳನ್ನು 6 ಬಗೆಯಾಗಿಯೂ, 4 ಸ್ವರಗಳನ್ನು 24 ಬಗೆಯಾಗಿಯೂ, 7 ಸ್ವರಗಳನ್ನು 5040 ಬಗೆಯಾಗಿಯೂ ಜೋಡಿಸಬಹುದು. 5040ರ ಮುಂದೆ ನಿಂತ ವಿದ್ಯಾರ್ಥಿಯು ದಿಕ್ಕುಗೆಡುವನು. 24ರ ಮುಂದೆ ನಿಂತವನು ಒಂದೊಂದನ್ನೂ ಹಾಡಿ, ಯಾವುದು ಮೊರೆಯಿಡುವುದು, ಯಾವುದು ಶಾಂತಿಗೊಳಿಸುವುದು ಎಂಬುದನ್ನು ಕಿವಿಯಿಂದಲೇ ಅರಿಯುವನು. ಆದುದರಿಂದ ಮೊದಲನೆಯ ಅಭ್ಯಾಸವು ನಾಲ್ಕೇ ಸ್ವರಗಳದಾಗಿರಲಿ.

ಎರಡನೆಯದು ರಾಗದ ಅಭ್ಯಾಸ. ಹಿಂದುಸ್ಥಾನಿ ಪದ್ಧತಿಯ ಭೂಪ, ದೇಶಕಾರ ರಾಗಗಳೆರಡಕ್ಕೂ ಷಡ್ಜ, ಋಷಭ, ಗಾಂಧಾರ, ಪಂಚಮ, ಧೈವತಗಳೆಂಬ ಐದೇ ಸ್ವರಗಳು. ಆದರೆ ಭೂಪದಲ್ಲಿ ಗಾಂಧಾರವು ವಾದಿ, ದೇಶಕಾರದಲ್ಲಿ ಧೈವತವು ವಾದಿ. ಒಂದೊಂದರಲ್ಲಿಯೂ ಒಂದೊಂದು ಸಾಲನ್ನು ಕಟ್ಟಿ ಗುರುವಿನ ಮುಂದೆ ಹಾಡಬೇಕು. ಹೆಸರು ಹೇಳದೆಯೇ ಗುರುವು ರಾಗವನ್ನು ಗುರುತಿಸಿದರೆ ಅಭ್ಯಾಸವು ಫಲಿಸಿತು. ಇಲ್ಲವಾದರೆ ಮರುದಿನ ಮತ್ತೆ ಕಟ್ಟತಕ್ಕದ್ದು.

ಮೂರನೆಯದು ತಾಳದ ಅಭ್ಯಾಸ. ತೀನತಾಳಕ್ಕೆ 16 ಮಾತ್ರೆಗಳು. ವಚನದ ಒಂದೇ ವಾಕ್ಯವನ್ನು ಒಂದೆರಡು ಆವರ್ತನಗಳಲ್ಲಿ ಕೂರಿಸಿ, ಅದರ ಮುಖ್ಯಪದವು ಸಮಕ್ಕೆ ಬೀಳುವಂತೆ ಮಾಡಬೇಕು. ವಚನಕ್ಕೆ ಪದ್ಯದಂತೆ ನಿಯತವಾದ ಗಣವಿಲ್ಲ. ಆದುದರಿಂದ ತಾಳವನ್ನು ತುಂಬುವ ಆತುರದಲ್ಲಿ ಪದವನ್ನು ನಡುವೆ ಒಡೆಯುವ ಭಯವುಂಟು. ಹಾಗೆ ಒಡೆದಲ್ಲಿ ಅರ್ಥವು ಕೆಡುವುದು. ಅರ್ಥವು ಕೆಟ್ಟರೆ ರಾಗವು ಎಷ್ಟು ಇಂಪಾಗಿದ್ದರೂ ಶರಣರ ವಾಣಿಗೆ ಅಪಚಾರವೇ. ಕೊನೆಯಲ್ಲಿ ಬರುವ ಅಂಕಿತಕ್ಕಂತೂ ಸಾಕಷ್ಟು ವಿಶ್ರಾಂತಿಯ ಸ್ಥಳವಿರಬೇಕು.

ಅಭ್ಯಾಸವು ಕಿರಿದಾಗಿರಬೇಕೇಕೆ? ಹಿರಿದಾದ ಕೃತಿಯನ್ನು ಬಹುದಿನ ಕಷ್ಟಪಟ್ಟು ಕಟ್ಟಿದವನು ಅದರ ದೋಷವನ್ನು ಕೇಳಲಾರನು. ಅಭಿಮಾನವು ಅಡ್ಡ ಬರುವುದು. ಒಂದು ಸಾಲನ್ನಾದರೆ ಸಂತೋಷದಿಂದ ಬಿಟ್ಟುಕೊಟ್ಟು ಮತ್ತೊಂದನ್ನು ಕಟ್ಟುವನು. ಅಹಂಕಾರವು ಹೀಗೆ ಕರಗುವುದೇ ಶಿಷ್ಯತ್ವದ ಲಕ್ಷಣ.

ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರ ಕೃಪೆಗೆ ಪಾತ್ರರಾದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರಾಗಿದ್ದೂ ಸಂಗೀತವಿದ್ಯೆಯಲ್ಲಿ ಪಾರಂಗತರಾಗಿ ಅಂಧರಿಗೂ ಅನಾಥರಿಗೂ ಅದನ್ನು ಧಾರೆಯೆರೆದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ದಾಸೋಹವನ್ನು ನಡೆಯಿಸಿದರು. ಕಿವಿಯಿಂದಲೇ ಕಲಿಯುವವನಿಗೆ ಕಿರಿಯ ಸಾಲೇ ಕಂಠದಲ್ಲಿ ನಿಲ್ಲುವುದು. ನಿಂತುದೇ ಮುಂದಿನ ರಚನೆಗೆ ಬೀಜವಾಗುವುದು.

ಲಿಂಗಪೂಜೆಯು ನಿತ್ಯವೂ ನಡೆಯುವಂತೆ ದಿನಕ್ಕೊಂದು ಸಾಲಾದರೂ ನಿತ್ಯವೂ ನಡೆಯಲಿ. ಮಠದ ಪಾಠಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ನಿಯಮವನ್ನು ಹಿಡಿದರೆ, ಇದುವರೆಗೆ ಓದಿಗೆ ಮಾತ್ರ ಸಂದಿರುವ ಎಷ್ಟೋ ವಚನಗಳು ಭಕ್ತರ ಕಂಠದಲ್ಲಿಯೂ ನೆಲೆಗೊಳ್ಳುವುವು. ಶಿವಾರ್ಪಣಮಸ್ತು.