ಡೋಲು ಕಸಿದರು, ಹೆಜ್ಜೆ ಉಳಿಯಿತು

2020ರ ಫೆಬ್ರವರಿಯಲ್ಲಿ ಅಂಗೋಲಾದ ರಾಜಧಾನಿ ಲುವಾಂಡಾದಲ್ಲಿ ಒಂದು ನೃತ್ಯತಂಡ ಊಟದ ತಟ್ಟೆ ಕೈಯಲ್ಲಿ ಹಿಡಿದೇ ‘ಜೆರುಸಲೆಮಾ’ ಹಾಡಿಗೆ ಕುಣಿಯಿತು. ಹಾಡು ದಕ್ಷಿಣ ಆಫ್ರಿಕಾದ ಮಾಸ್ಟರ್ ಕೆಜಿ ಹಾಗೂ ಗಾಯಕಿ ನೊಮ್ಸೆಬೊ ಜಿಕೋಡೆ ಅವರದು. ಕೋವಿಡ್‌ನ ಆ ದಿನಗಳಲ್ಲಿ ಆ ಕುಣಿತ ಜ್ವರದಂತೆ ಹಬ್ಬಿತು. ಯೂರೋಪಿನ ದಾದಿಯರು, ಪೊಲೀಸರು, ಸನ್ಯಾಸಿನಿಯರೂ ಅದೇ ಹೆಜ್ಜೆ ಹಾಕಿದರು.

ಇದು ಮೊಬೈಲ್ ಪರದೆಯ ಮೇಲೆ ಹುಟ್ಟಿದ ಹುಚ್ಚೆ? ಅಲ್ಲ. ಒಬ್ಬರು ಹೆಜ್ಜೆ ಹಾಕುವುದು, ಸುತ್ತ ನಿಂತವರು ಅದನ್ನು ಹಿಡಿದು ತಮ್ಮದೊಂದು ಬೆಡಗು ಸೇರಿಸುವುದು, ನೋಡಲು ಬಂದವರೇ ಕುಣಿಯತೊಡಗುವುದು: ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಹಿಂದಿನಿಂದ ಬಂದ ಪದ್ಧತಿ.

ಗುಲಾಮರನ್ನು ಹೊತ್ತ ಹಡಗುಗಳಲ್ಲಿ ಈ ಪದ್ಧತಿಯೂ ಅಮೆರಿಕ ಸೇರಿತು. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ದಂಗೆಯೆದ್ದ ಗುಲಾಮರು ಡೋಲು ಬಾರಿಸುತ್ತ ಸಾಗಿದ್ದರು. 1740ರ ಕಾನೂನು ಅವರಿಗೆ ಡೋಲನ್ನೇ ನಿಷೇಧಿಸಿತು. ಡೋಲನ್ನೇನೋ ಕಸಿಯಬಹುದು, ಲಯವನ್ನು ಕಸಿಯುವುದು ಹೇಗೆ? ತೊಡೆ, ಎದೆ, ಅಂಗೈಗಳೇ ಡೋಲಾದವು. ಹಿಮ್ಮಡಿ ತಾಳ ಹಾಕಿತು. ಅದೇ ‘ಜೂಬಾ’ ಕುಣಿತ.

ಚಾರ್ಲ್ಸ್‌ಟನ್ ನೃತ್ಯವೂ ಈ ಬಳಗದ್ದೇ. 1923ರಲ್ಲಿ ನ್ಯೂಯಾರ್ಕಿನ ‘ರನ್ನಿನ್ ವೈಲ್ಡ್’ ಸಂಗೀತ ನಾಟಕದಲ್ಲಿ, ಕಪ್ಪು ಸಂಗೀತಗಾರ ಜೇಮ್ಸ್ ಪಿ. ಜಾನ್ಸನ್ ಅವರ ರಾಗದೊಂದಿಗೆ ಅದು ಮನೆಮಾತಾಯಿತು. 1925ರಲ್ಲಿ ಜೋಸೆಫೀನ್ ಬೇಕರ್ ಪ್ಯಾರಿಸ್‌ನ ರಂಗದ ಮೇಲೆ ಅದನ್ನು ಕುಣಿದರು. ಇಂಟರ್ನೆಟ್ ಇಲ್ಲದ ಕಾಲದಲ್ಲೇ ಒಂದು ಕುಣಿತ ಸಾಗರ ದಾಟಿತ್ತು.

ಹೆಜ್ಜೆ ದಾಟುತ್ತದೆ, ಹೆಸರು ಹಿಂದೆ ಉಳಿಯುತ್ತದೆ. ಇದೇ ಇಲ್ಲಿನ ನೋವು. 2019ರಲ್ಲಿ ಅಮೆರಿಕದ ಜಾರ್ಜಿಯಾದ 14 ವರ್ಷದ ಕಪ್ಪು ಬಾಲಕಿಯೊಬ್ಬಳು ‘ರೆನೆಗೇಡ್’ ಕುಣಿತ ಕಟ್ಟಿದಳು. ಟಿಕ್‌ಟಾಕ್‌ನಲ್ಲಿ ಕೀರ್ತಿ ಬಂದದ್ದು ಬೇರೆಯವರಿಗೆ. ಪತ್ರಿಕೆಗಳು ಬರೆದ ಮೇಲಷ್ಟೇ, 2020ರಲ್ಲಿ, ಅವಳ ಹೆಸರು ಹೊರಬಂತು. 2021ರಲ್ಲಿ ಹಲವು ಕಪ್ಪು ನರ್ತಕರು ಹೊಸ ಹೆಜ್ಜೆ ಕಟ್ಟುವುದನ್ನೇ ನಿಲ್ಲಿಸಿ ಮುಷ್ಕರ ಹೂಡಿದರು. ನಾಲ್ಕಾರು ಹೆಜ್ಜೆಗಳ ಸರಳ ಕುಣಿತಕ್ಕೆ ಅಮೆರಿಕದಲ್ಲಿ ಕೃತಿಸ್ವಾಮ್ಯ ಸಿಗುವುದಿಲ್ಲ. ಕಾನೂನು ಕಾಯದಿದ್ದಾಗ ಕಾಯಬೇಕಾದದ್ದು ಕುಣಿಯುವವರ ಪ್ರಾಮಾಣಿಕತೆ.

ಇನ್ನೊಂದು ಸಮುದ್ರದ ಹಾದಿಯಲ್ಲಿ ಆಫ್ರಿಕಾದಿಂದ ಬಂದವರ ಮಕ್ಕಳು ಉತ್ತರ ಕನ್ನಡದ ಸಿದ್ದಿಗಳು. ಯಲ್ಲಾಪುರ, ಹಳಿಯಾಳದ ಕಡೆ ಅವರ ಡಮಾಮಿ ಕುಣಿತ ಇಂದಿಗೂ ಜೀವಂತ. ಕುಣಿತ ಎಲ್ಲರದಾಗಲಿ, ಅದರ ಜೊತೆಗೆ ಕಲಿಸಿದವರ ಹೆಸರೂ ಊರಿಂದೂರಿಗೆ ಹೋಗಲಿ.