ಈಜಿಪ್ಟಿನ ಮರಳಿನಲ್ಲಿ ಕನ್ನಡದ ಹಂಬಲ

ಈಜಿಪ್ಟ್ ದೇಶವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕೆಲವೇ ಮಂದಿ. ಆದರೂ ಅದರ ಪ್ರಾಚೀನ ಸಂಸ್ಕೃತಿಯ ಮಾತು ಬಂದರೆ ಕಿವಿಗೊಡದವರು ವಿರಳ. ಈ ಸೆಳೆತಕ್ಕೆ ಕಾರಣವೇನೆಂದು ವಿಚಾರಿಸಿ ನೋಡಿ. ಒಬ್ಬೊಬ್ಬರದು ಒಂದೊಂದು ಉತ್ತರ.

ಹೈಸ್ಕೂಲಿನ ಹುಡುಗರಿಗೆ ಮಮ್ಮಿಯ ಕಥೆಯೇ ಆಗಬೇಕು. ಸತ್ತ ದೇಹವನ್ನು ಒಂದು ಬಗೆಯ ಉಪ್ಪಿನಲ್ಲಿ ಒಣಗಿಸಿ, ನಾರುಬಟ್ಟೆ ಸುತ್ತಿ, 70 ದಿವಸಗಳ ಸಂಸ್ಕಾರ ನಡೆಸುತ್ತಿದ್ದರೆಂದರೆ ಹಿಂದಿನ ಬೆಂಚಿನವರೂ ತೂಕಡಿಕೆ ಬಿಟ್ಟು ಕೇಳುತ್ತಾರೆ. ಕಾವೇರಿಯ ನಾಲೆಯನ್ನು ನಂಬಿದ ಮನೆಯವರಿಗೆ ನೈಲ್ ನದಿಯೇ ಹತ್ತಿರ. ನೆರೆ ಬಿಟ್ಟುಹೋದ ಮಣ್ಣಿನಲ್ಲಿ ಒಂದು ನಾಡು ಸಾವಿರಾರು ವರ್ಷ ಬೆಳೆದು ಉಂಡಿತೆಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಸಾವು ಕಂಡವರ ಮನಸ್ಸು ಮತ್ತೊಂದು ಕಡೆ ನಿಲ್ಲುತ್ತದೆ. ಹೆಸರೂ ಮನುಷ್ಯನ ಒಂದು ಅಂಶವೆಂದು ಆ ಜನ ನಂಬಿದ್ದರು. ಹೆಸರು ಅಳಿಸಿದರೆ ಆ ಮನುಷ್ಯನೇ ಅಳಿದಂತೆ. ಅಗಲಿದವರ ಹೆಸರನ್ನು ಮೊಮ್ಮಗುವಿಗೆ ಇಡುವ ನಮಗೆ ಈ ಭಾವನೆ ಹೊಸದೇನಲ್ಲವಷ್ಟೆ.

ಇನ್ನು ನಮ್ಮಂಥ ಕನ್ನಡ ಪಂಡಿತರ ಕಾರಣ. ನಮ್ಮನ್ನು ಸೆಳೆಯುವುದು ಒಂದು ಹರಕು ಹಾಳೆ. ಪಪೈರಸ್ ಎಂಬ ಜೊಂಡಿನಿಂದ ಮಾಡಿದ್ದು. ನಮ್ಮ ಓಲೆಗರಿಯ ದಾಯಾದಿ ಎನ್ನಿ. ಕೈರೋ ನಗರಕ್ಕೆ ಸುಮಾರು 160 ಕಿಲೋಮೀಟರು ದಕ್ಷಿಣದಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ತಿಪ್ಪೆಗಳಿದ್ದುವು. ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು 1896ರಲ್ಲಿ ಅವನ್ನು ಅಗೆಯತೊಡಗಿದರು. ಊರವರು ಎಸೆದಿದ್ದ ಲೆಕ್ಕ, ಕಾಗದ, ಕಾವ್ಯ ಎಲ್ಲವೂ ಒಣಮರಳಿನಲ್ಲಿ ಉಳಿದುಕೊಂಡಿದ್ದುವು. 1903ರಲ್ಲಿ ಅವರು ಪ್ರಕಟಿಸಿದ 413ನೆಯ ಸಂಖ್ಯೆಯ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿನ ಬರಹ. ಕ್ಯಾರಿಟಿಯನ್ ಎಂಬ ಗ್ರೀಕ್ ತರುಣಿ ಇಂಡಿಯದ ಕರಾವಳಿಯ ರಾಜನೊಬ್ಬನ ಕೈಗೆ ಸಿಕ್ಕಿದ್ದಾಳೆ. ಅವಳ ಸೋದರ ಹಡಗಿನಲ್ಲಿ ಬಂದು, ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರಸದ ಮದ್ಯ ಕುಡಿಸಿ, ಅಮಲೇರಿದಾಗ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಕ್ಷರಗಳಲ್ಲಿದೆ. ಭಾಷೆ ಮಾತ್ರ ಗ್ರೀಕ್ ಅಲ್ಲ.

1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಷ್ ಅವರು ಅದರ ಕೆಲವು ಮಾತುಗಳು ಕನ್ನಡವೆಂದು ಸೂಚಿಸಿದರು. ಪಾತ್ರೆಗೆ ಮದ್ಯ ಹೊಯ್ಯುವ ಮಾತು ಅವರಿಗೆ ಅಲ್ಲಿ ಕೇಳಿಸಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಶಾಮಶಾಸ್ತ್ರಿಗಳೂ, ಮಂಜೇಶ್ವರದ ಗೋವಿಂದ ಪೈಗಳೂ ಈ ಮಾತುಗಳ ಬೆನ್ನುಹತ್ತಿದರು. ಇತ್ತ 1926ರಲ್ಲಿ ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು ಅದು ಕನ್ನಡವೆಂಬುದನ್ನು ಅಲ್ಲಗಳೆದರು. ಆಮೇಲೆ ತುಳು ಎಂದವರುಂಟು. ನಗಿಸಲು ಹೆಣೆದ ಬರಿಯ ಸದ್ದು ಎಂದವರೂ ಉಂಟು. ಎಲ್ಲರೂ ಒಪ್ಪುವ ತೀರ್ಮಾನ ಇಂದಿಗೂ ಆಗಿಲ್ಲ.

ಇಲ್ಲೊಂದು ತಮಾಷೆಯನ್ನು ಗಮನಿಸಬೇಕು. ನಾಟಕದ ಆ ರಾಜ ಕುಡಿದು ಮೋಸಹೋದ ಪೆದ್ದ. ಬೇರೆ ಸಮಯದಲ್ಲಾಗಿದ್ದರೆ ಇಂಥವನು ನಮ್ಮ ಕಡೆಯವನೆಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಆದರೂ ಅವನ ಬಾಯಲ್ಲಿ ಕನ್ನಡವಿರಲಿ ಎಂದು ನಮ್ಮ ಮನಸ್ಸು ಹಂಬಲಿಸುತ್ತದೆ. ಸಮುದ್ರದಾಚೆಯವರು ಎಂದೋ ಒಮ್ಮೆ ನಮ್ಮ ಮಾತನ್ನು ಕೇಳಿಸಿಕೊಂಡಿದ್ದರು ಎಂಬುದೇ ನಮಗೊಂದು ಸಮಾಧಾನ. ಹೋಗಿಬರುವ ಬಳಕೆಯಂತೂ ಇತ್ತು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿ ತನ್ನ ಭೂಗೋಳದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ. ಕೆಂಪು ಸಮುದ್ರದ ದಡದ ಬೆರೆನಿಕೆ ಎಂಬ ರೇವಿನ ಗುಡಿಯೊಂದರಲ್ಲಿ, ಇಂಡಿಯದ ಹರವಿಯಲ್ಲಿ ತುಂಬಿಟ್ಟ ಏಳೂವರೆ ಕಿಲೋ ಮೆಣಸು ಸಿಕ್ಕಿದೆ. ಮೆಣಸು ಹೋದಲ್ಲಿಗೆ ಮಾತೂ ಹೋಗಿದ್ದೀತು. ಆದರೆ ಹಂಬಲವನ್ನೇ ಸಾಕ್ಷಿಯೆಂದು ಎಣಿಸಬಾರದು. ಆ ಹಾಳೆಯ ಭಾಷೆ ನಾಳೆ ಬೇರೆಯೆಂದು ಸಿದ್ಧವಾದರೂ ಕನ್ನಡಕ್ಕೆ ಕೂದಲೆಳೆಯಷ್ಟೂ ನಷ್ಟವಿಲ್ಲ.

ಈಜಿಪ್ಟಿನಿಂದ ನಾವು ಕಲಿಯಬೇಕಾದ ಪಾಠವೊಂದು ಬೇರೆಯೇ ಇದೆ. ಅವರ ಚಿತ್ರಲಿಪಿಯಲ್ಲಿ ನಮಗೆ ತಿಳಿದಿರುವ ಕೊನೆಯ ಶಾಸನ ಕ್ರಿ.ಶ. 394ರದು. ಅನಂತರ ಓದುವವರು ತೀರಿಹೋದರು. ಗುಡಿಗಳು ನಿಂತಿದ್ದುವು, ಅಕ್ಷರಗಳು ಅಳಿಯದೆ ಇದ್ದುವು, ಅಷ್ಟೊಂದು ಆಸೆಯಿಂದ ಕೆತ್ತಿಸಿದ ಹೆಸರುಗಳನ್ನು ಉಚ್ಚರಿಸಬಲ್ಲ ಒಂದು ನಾಲಗೆಯಿರಲಿಲ್ಲ. 1799ರ ಮೇ ತಿಂಗಳಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದಿತು. ಅದೇ ವರ್ಷ ಜುಲೈಯಲ್ಲಿ ನೆಪೋಲಿಯನ್ನನ ಸೈನಿಕರಿಗೆ ರೊಸೆಟ್ಟಾ ಎಂಬ ಊರಿನ ಬಳಿ ಒಂದೇ ಒಕ್ಕಣೆಯನ್ನು ಮೂರು ಲಿಪಿಗಳಲ್ಲಿ ಕೆತ್ತಿದ ಕಲ್ಲು ಸಿಕ್ಕಿತು. 1822ರಲ್ಲಿ ಷಾಂಪೋಲಿಯನ್ ಎಂಬ ಫ್ರೆಂಚ್ ವಿದ್ವಾಂಸನು ಆ ಲಿಪಿಯ ಗುಟ್ಟು ಬಿಡಿಸಿದನು. ಅವನಿಗೆ ನೆರವಾದದ್ದು, ಅಲ್ಲಿನ ಕ್ರೈಸ್ತರ ಪ್ರಾರ್ಥನೆಯಲ್ಲಿ ಉಳಿದಿದ್ದ ಕಾಪ್ಟಿಕ್ ಎಂಬ ಭಾಷೆ. ಹಳೆಯ ಈಜಿಪ್ಟಿನ ನುಡಿಯ ಕೊನೆಯ ಕುಡಿ. ಯಾರೋ ಕೆಲವರು ಬಾಯಲ್ಲಿ ಉಳಿಸಿಕೊಂಡ ನುಡಿಯೇ ಕಲ್ಲಿಗೆ ಮಾತು ಕೊಟ್ಟಿತು.

ನಮ್ಮ ಪರಿಸ್ಥಿತಿ ಇಷ್ಟು ಕಠಿನವಾಗಿಲ್ಲ. ಐದನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಹಲ್ಮಿಡಿ ಶಾಸನದ ಮೂಲಕಲ್ಲು ನಮ್ಮ ಮೈಸೂರಿಗೇ ಬಂದು ಸೇರಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಅದಿರಲಿ, ನಮ್ಮ ಊರೂರ ಕೆರೆಯ ಏರಿಯ ಮೇಲೆ, ಗುಡಿಯ ಬೆನ್ನಿಗೆ ವೀರಗಲ್ಲುಗಳು ನಿಂತಿವೆ. ತುರು ಹಿಂದಿರುಗಿಸಲು ಹೋಗಿ ಮಡಿದವನು, ಊರು ಕಾಯಲು ನಿಂತು ಸತ್ತವನು, ಎಷ್ಟೋ ಮಂದಿಯ ಹೆಸರು ಅಲ್ಲಿದೆ. ಬಡ ಒಕ್ಕಲಿನ ಮಗನಿಗೂ ಪಿರಮಿಡ್ಡಿನ ಒಡೆಯನಿಗೂ ಆಸೆ ಒಂದೇ: ಹೆಸರು ಉಳಿಯಲಿ. ನಾವೋ ಆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತೇವೆ, ದನ ಕಟ್ಟುತ್ತೇವೆ. ಹಳಗನ್ನಡದ ಪಾಠವನ್ನು ಪರೀಕ್ಷೆಯ ಅಂಕಕ್ಕಾಗಿ ಓದಿ ಮರೆಯುತ್ತೇವೆ.

ಈಜಿಪ್ಟಿನ ಮೇಲಿನ ಆಸೆಯನ್ನು ಬಿಡಿ ಎಂದು ನಾನು ಹೇಳಲಾರೆ. ಮಕ್ಕಳು ಮಮ್ಮಿಯ ಕಥೆ ಕೇಳಿದರೆ ತಪ್ಪದೆ ಹೇಳಿ. ಮುಂದಿನ ರಜೆಗೆ ಊರಿಗೆ ಹೋದಾಗ ಅವರನ್ನು ಕೆರೆಯ ಏರಿಗೂ ಕರೆದುಕೊಂಡು ಹೋಗಿ. ಕಲ್ಲಿನ ಧೂಳನ್ನು ಅಂಗೈಯಿಂದ ಮೆಲ್ಲಗೆ ಒರಸಿ, ಅಕ್ಷರ ಕೂಡಿಸಿ, ಒಂದೇ ಒಂದು ಹೆಸರನ್ನು ಗಟ್ಟಿಯಾಗಿ ಓದಿಸಿ.